ಹೋಲಿಕೆಯ ಕೊಂಡಿಗಳು

ಕನ್ನಡದಲ್ಲಿ ಓದಿ ಕಾಲೇಜಿಗೆ ಬಂದ ವಿದ್ಯಾರ್ಥಿಯು ಇಂಗ್ಲಿಷಿನಲ್ಲಿರುವ ಭೌತವಿಜ್ಞಾನದ ಪುಸ್ತಕವನ್ನು ಮೊದಲ ಸಲ ತೆರೆದಾಗ ಅವನನ್ನು ಅಂಜಿಸುವುದು ದೊಡ್ಡ ದೊಡ್ಡ ಪಾರಿಭಾಷಿಕ ಪದಗಳು. ಆದರೆ ಆ ಪದಗಳಿಂದ ಅಷ್ಟೇನೂ ಅಪಾಯವಿಲ್ಲ. ಅವು ಕಣ್ಣಿಗೆ ಬೀಳುತ್ತವೆ. ಅರ್ಥವಾಗದಿದ್ದರೆ ವಿದ್ಯಾರ್ಥಿಯು ನಿಘಂಟನ್ನು ತೆರೆಯುತ್ತಾನೆ, ಇಲ್ಲವೆ ಅಧ್ಯಾಪಕರನ್ನು ಕೇಳುತ್ತಾನೆ. ನಿಜವಾದ ಅಪಾಯವಿರುವುದು ವಾಕ್ಯದ ಮೊದಲಲ್ಲಿ ಸದ್ದಿಲ್ಲದೆ ಕುಳಿತಿರುವ ಕೆಲವು ಸಣ್ಣ ಮಾತುಗಳಲ್ಲಿ. ಸಿಮಿಲರ್ಲಿ, ಲೈಕ್‌ವೈಸ್, ಹೌಎವರ್, ಬೈ ಕಾಂಟ್ರಾಸ್ಟ್, ಕಾನ್ವರ್ಸ್‌ಲಿ ಎಂಬುವು ಅಂಥವು. ಇವುಗಳ ಅರ್ಥ ತನಗೆ ಗೊತ್ತೆಂದು ಭಾವಿಸಿ ಓದುಗನು ಮುಂದೆ ದಾಟಿಹೋಗುತ್ತಾನೆ.

ವಿಜ್ಞಾನದ ಬರಹದಲ್ಲಿ ಈ ಮಾತುಗಳು ಅಲಂಕಾರಕ್ಕಾಗಿ ಬಂದವಲ್ಲ. ಎರಡು ಸಂಗತಿಗಳ ನಡುವೆ ಇರುವ ಸಂಬಂಧ ಯಾವುದೆಂದು ಹೇಳುವ ಹೊಣೆ ಇವುಗಳದು. ಒಂದನ್ನು ತೆಗೆದು ಅದರ ಎಡೆಯಲ್ಲಿ ಇನ್ನೊಂದನ್ನಿಟ್ಟರೆ ವ್ಯಾಕರಣವೇನೂ ಕೆಡದು, ವಿಜ್ಞಾನವೇ ಸುಳ್ಳಾಗಬಹುದು. ಅದು ಹೇಗೆಂಬುದನ್ನು ಪರಿಚಿತವಾದ ಕೆಲವು ಉದಾಹರಣೆಗಳಿಂದ ನೋಡೋಣ.

ಕೊಂಡಿಯ ಸ್ವರೂಪ

ಇಂಗ್ಲಿಷ್ ವ್ಯಾಕರಣದಲ್ಲಿ ಈ ಮಾತುಗಳು ಕ್ರಿಯಾವಿಶೇಷಣಗಳ ವರ್ಗಕ್ಕೆ ಸೇರುತ್ತವೆ. 'ನೀರು ನಿಧಾನವಾಗಿ ಹರಿಯಿತು' ಎಂಬಲ್ಲಿ 'ನಿಧಾನವಾಗಿ' ಎಂಬ ಸಾಮಾನ್ಯ ಕ್ರಿಯಾವಿಶೇಷಣವು ಹರಿಯುವ ಕ್ರಿಯೆಯೊಂದನ್ನೇ ಕುರಿತು ಹೇಳುತ್ತದೆ. ನಾವು ಹೇಳುತ್ತಿರುವ ಮಾತುಗಳಾದರೋ ಇಡೀ ವಾಕ್ಯಕ್ಕೆ ಸಂಬಂಧಿಸಿದವು. ಹಿಂದೆ ಹೇಳಿದ ಸಂಗತಿಯ ಕಡೆಗೆ ಬೆರಳು ತೋರಿಸಿ, ಈಗ ಹೇಳುವ ಸಂಗತಿಯು ಅದನ್ನು ಹೋಲುತ್ತದೆಯೆ, ಅದಕ್ಕಿಂತ ಭಿನ್ನವೆ, ಅಥವಾ ಅದನ್ನು ತಿರುಗಿಸಿದಂತಿದೆಯೆ ಎಂಬುದನ್ನು ಇವು ಮೊದಲೇ ತಿಳಿಸುತ್ತವೆ. ಆದ್ದರಿಂದ ಇವನ್ನು ಕೊಂಡಿ ಮಾತುಗಳೆಂದು ಕರೆಯಬಹುದು.

ಕನ್ನಡದಲ್ಲಿ ಈ ಕೆಲಸವು ಅನೇಕ ವೇಳೆ ಬೇರೊಂದು ರೀತಿಯಲ್ಲಿ ನಡೆಯುತ್ತದೆ. 'ತಾಮ್ರವು ವಿದ್ಯುತ್ತನ್ನು ಹರಿಯಗೊಡುತ್ತದೆ, ಬೆಳ್ಳಿಯೂ ಹರಿಯಗೊಡುತ್ತದೆ, ಗಾಜಾದರೋ ಹರಿಯಗೊಡದು' ಎಂದು ನಾವು ಹೇಳುತ್ತೇವೆ. ಬೆಳ್ಳಿಗೆ ಅಂಟಿದ 'ಊ' ಎಂಬುದು ಸಾಮ್ಯವನ್ನೂ, ಗಾಜಿಗೆ ಅಂಟಿದ 'ಆದರೋ' ಎಂಬುದು ಭೇದವನ್ನೂ ತೋರಿಸುತ್ತವೆ. ಹೋಲಿಕೆಗೆ ಗುರಿಯಾದ ವಸ್ತು ಯಾವುದೆಂದು ಆ ಪ್ರತ್ಯಯವೇ ಹೇಳಿಬಿಡುವುದರಿಂದ ಕನ್ನಡಿಗನು ಅದನ್ನು ಹುಡುಕಬೇಕಾಗಿಲ್ಲ. ಇಂಗ್ಲಿಷಿನ ಕೊಂಡಿ ಮಾತು ಸಾಮಾನ್ಯವಾಗಿ ವಾಕ್ಯದ ಹೊರಬಾಗಿಲಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಯಾವುದನ್ನು ಯಾವುದರೊಡನೆ ಹೋಲಿಸಿದೆ ಎಂಬುದನ್ನು ಓದುಗನು ತಾನೇ ಹುಡುಕಿಕೊಳ್ಳಬೇಕು.

ಲೇಖನಚಿಹ್ನೆಗಳ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅವಶ್ಯ. 'ಬಟ್' ಎಂಬುದು ಸಮುಚ್ಚಯ. ಅದು ಎರಡು ವಾಕ್ಯಗಳನ್ನು ಒಂದಾಗಿ ಹೊಲಿಯಬಲ್ಲದು. 'ಹೌಎವರ್' ಎಂಬುದಕ್ಕೆ ಆ ಶಕ್ತಿಯಿಲ್ಲ. 'ಕಾಪರ್ ಕಂಡಕ್ಟ್ಸ್ ಎಲೆಕ್ಟ್ರಿಸಿಟಿ, ಹೌಎವರ್ ಗ್ಲಾಸ್ ಡಸ್ ನಾಟ್' ಎಂದು ಅಲ್ಪವಿರಾಮದಿಂದ ಜೋಡಿಸಿ ಬರೆಯುವುದು ತಪ್ಪು. ಹಿಂದೆ ಪೂರ್ಣವಿರಾಮವಾಗಲಿ ಅರ್ಧವಿರಾಮವಾಗಲಿ, ಮುಂದೆ ಅಲ್ಪವಿರಾಮವೂ ಇರಬೇಕು. ಬೇಕಾದರೆ ಈ ಮಾತನ್ನು ವಾಕ್ಯದ ಒಳಕ್ಕೂ ಸರಿಸಬಹುದು: 'ಗ್ಲಾಸ್, ಹೌಎವರ್, ಡಸ್ ನಾಟ್.' ಹೀಗೆ ಸರಿಸಿದಾಗ ಒತ್ತು ಗಾಜಿನ ಮೇಲೆ ಬಿದ್ದು, ನಮ್ಮ 'ಗಾಜಾದರೋ' ಎಂಬ ಧ್ವನಿಯೇ ಹೊರಡುತ್ತದೆ.

ಸಾಮ್ಯವನ್ನು ಹೇಳುವವು

ಸಿಮಿಲರ್ಲಿ, ಲೈಕ್‌ವೈಸ್, ಇನ್ ದಿ ಸೇಮ್ ವೇ ಎಂಬುವು ಸಾಮ್ಯವನ್ನು ಹೇಳುವ ಮಾತುಗಳು. 'ಹಾಗೆಯೇ', 'ಅದೇ ರೀತಿಯಲ್ಲಿ' ಎಂಬುವು ಇವುಗಳಿಗೆ ಸಮನಾದ ಕನ್ನಡ ಮಾತುಗಳು. ಎರಡು ವಸ್ತುಗಳು ಒಂದು ವಿಷಯದಲ್ಲಿ ಹೋಲುತ್ತವೆ ಎಂದು ಮಾತ್ರ ಇವು ಹೇಳುತ್ತವೆಯೇ ಹೊರತು ಎಲ್ಲ ವಿಷಯಗಳಲ್ಲಿಯೂ ಹೋಲುತ್ತವೆ ಎಂದು ಹೇಳುವುದಿಲ್ಲ.

ನ್ಯೂಟನ್ನನು 1687ರಲ್ಲಿ ಪ್ರಕಟಿಸಿದ ಗುರುತ್ವ ನಿಯಮದಂತೆ ಎರಡು ಕಾಯಗಳ ನಡುವಣ ದೂರ ಇಮ್ಮಡಿಯಾದರೆ ಅವುಗಳ ಆಕರ್ಷಣೆಯು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. 1785ರಲ್ಲಿ ಕೂಲಾಮ್ ಎಂಬ ಫ್ರೆಂಚ್ ವಿಜ್ಞಾನಿಯು ವಿದ್ಯುದಾವೇಶಗಳ ನಡುವಣ ಬಲವೂ ದೂರದೊಡನೆ ಇದೇ ಪ್ರಕಾರ ಬದಲಾಗುವುದನ್ನು ತೋರಿಸಿದನು. ಈ ಎರಡು ಸಂಗತಿಗಳ ನಡುವೆ 'ಸಿಮಿಲರ್ಲಿ' ಎಂದು ಬರೆಯುವುದು ಸರಿ. ಆದರೆ ಆ ಸಾಮ್ಯವು ದೂರದ ಲೆಕ್ಕಕ್ಕೆ ಸೀಮಿತವಾದುದು. ಒಂದೇ ಜಾತಿಯ ಆವೇಶಗಳು ಒಂದನ್ನೊಂದು ದೂಡುತ್ತವೆ. ಗುರುತ್ವದ ನಿಯಮದಲ್ಲಿ ಎಲ್ಲ ಕಾಯಗಳೂ ಒಂದನ್ನೊಂದು ಸೆಳೆಯುತ್ತವೆ. 'ಸಿಮಿಲರ್ಲಿ' ಎಂಬುದನ್ನು ಕಂಡೊಡನೆ 'ಯಾವ ವಿಷಯದಲ್ಲಿ?' ಎಂದು ಕೇಳದ ವಿದ್ಯಾರ್ಥಿಯು ಇಲ್ಲದ ಸಾಮ್ಯವನ್ನೂ ಕಲ್ಪಿಸಿಕೊಂಡಾನು.

ವಿದ್ಯಾರ್ಥಿಗಳಷ್ಟೇ ಅಲ್ಲ, ಮಹಾ ವಿಜ್ಞಾನಿಗಳೂ ಈ ಬಲೆಗೆ ಸಿಕ್ಕಿದ್ದುಂಟು. ನೀರಿನ ಅಲೆಗೆ ನೀರು ಬೇಕು. ಶಬ್ದದ ಅಲೆಗೆ ಗಾಳಿಯೋ ಬೇರಾವುದಾದರೂ ವಸ್ತುವೋ ಬೇಕು. ಬೆಳಕೂ ಅಲೆಯೇ ಆಗಿದ್ದಲ್ಲಿ, 'ಲೈಕ್‌ವೈಸ್', ಅದಕ್ಕೂ ಒಂದು ಮಾಧ್ಯಮವಿರಬೇಕಷ್ಟೆ. ಗಾಳಿಯನ್ನು ತೆಗೆದ ಪಾತ್ರೆಯೊಳಗಿನ ಸದ್ದು ಹೊರಗೆ ಕೇಳಿಸದಿದ್ದರೂ ಬೆಳಕು ಆ ಪಾತ್ರೆಯನ್ನು ಹಾಯ್ದು ಬರುವುದೆಂಬುದು ಹಾಲೆಂಡಿನ ಹೈಗೆನ್ಸನಿಗೆ ಚೆನ್ನಾಗಿ ತಿಳಿದಿತ್ತು. 1690ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು, ಬೆಳಕಿನ ಮಾಧ್ಯಮವು ಗಾಳಿಯಲ್ಲ, ಎಲ್ಲೆಲ್ಲಿಯೂ ತುಂಬಿರುವ ಈಥರ್ ಎಂದು ವಾದಿಸಿದನು. ಭೇದವು ಕಣ್ಣೆದುರಿಗೇ ಇದ್ದರೂ ಸಾಮ್ಯವನ್ನು ಉಳಿಸಿಕೊಳ್ಳಲು ಯಾರೂ ಕಾಣದ ವಸ್ತುವೊಂದನ್ನು ಕಲ್ಪಿಸಿಕೊಂಡಂತಾಯಿತು. ಅಮೆರಿಕದಲ್ಲಿ ಮೈಕೆಲ್‌ಸನ್ ಮತ್ತು ಮಾರ್ಲೆ 1887ರಲ್ಲಿ ನಡೆಸಿದ ಸೂಕ್ಷ್ಮವಾದ ಪ್ರಯೋಗದಲ್ಲಿ, ಭೂಮಿಯು ಈಥರಿನಲ್ಲಿ ಚಲಿಸುವುದರಿಂದ ಕಾಣಬೇಕಾಗಿದ್ದ ಪರಿಣಾಮವು ಕಾಣಲಿಲ್ಲ. 1905ರಲ್ಲಿ ಐನ್‌ಸ್ಟೈನರು ಈಥರಿನ ಕಲ್ಪನೆಯೇ ಅನಾವಶ್ಯಕವೆಂದು ತೋರಿಸಿಕೊಟ್ಟರು. ಒಂದು 'ಹಾಗೆಯೇ' ಎಂಬ ಮಾತನ್ನು ಅಳಿಸಲು ಎರಡು ಶತಮಾನಗಳೇ ಬೇಕಾದುವು.

ಭೇದವನ್ನು ಹೇಳುವವು

ಭೇದವನ್ನು ಸೂಚಿಸುವ ಮಾತುಗಳು ಹಲವು. ಅವೆಲ್ಲವನ್ನೂ 'ಆದರೆ' ಎಂದು ಒಂದೇ ಮಾತಿನಿಂದ ಅರ್ಥಮಾಡಿಕೊಳ್ಳುವುದು ನಮ್ಮಲ್ಲಿ ರೂಢಿ. ಅವುಗಳಲ್ಲಿ ನಾಲ್ಕನ್ನಾದರೂ ಬೇರ್ಪಡಿಸಿ ತಿಳಿಯುವುದು ಅವಶ್ಯಕ.

'ಬೈ ಕಾಂಟ್ರಾಸ್ಟ್' ಎಂಬುದು ಎರಡು ವಸ್ತುಗಳನ್ನು ಒಂದೇ ಗುಣದ ದೃಷ್ಟಿಯಿಂದ ಅಕ್ಕಪಕ್ಕದಲ್ಲಿಟ್ಟು ಅವುಗಳ ಅಂತರವನ್ನು ತೋರಿಸುತ್ತದೆ. ಶಬ್ದವು 20 ಡಿಗ್ರಿ ಸೆಂಟಿಗ್ರೇಡಿನ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ನೀರಿನಲ್ಲಿ ಸುಮಾರು 1,480 ಮೀಟರ್. ಬೆಳಕು, ಬೈ ಕಾಂಟ್ರಾಸ್ಟ್, ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3,00,000 ಕಿಲೋಮೀಟರ್ ಸಾಗಿದರೆ ನೀರಿನಲ್ಲಿ ಸುಮಾರು 2,25,000 ಕಿಲೋಮೀಟರ್ ಮಾತ್ರ ಸಾಗುತ್ತದೆ. ಇಲ್ಲಿ ಒಂದು ಸ್ವಾರಸ್ಯವಿದೆ. ಬೆಳಕು ಕಣಗಳ ಪ್ರವಾಹವೆಂದು ನಂಬಿದ್ದ ನ್ಯೂಟನ್ನನ ವಾದದಂತೆ ನೀರಿನಲ್ಲಿ ಬೆಳಕಿನ ವೇಗ ಹೆಚ್ಚಬೇಕಾಗಿತ್ತು. ಅದೇ ನಿಜವಾಗಿದ್ದಲ್ಲಿ ಈ ವಾಕ್ಯದಲ್ಲಿ 'ಲೈಕ್‌ವೈಸ್' ಎಂದಿರಬೇಕಾಗಿತ್ತು. 1850ರಲ್ಲಿ ಫೂಕೋ ಎಂಬ ಫ್ರೆಂಚ್ ವಿಜ್ಞಾನಿಯು ತಿರುಗುವ ಕನ್ನಡಿಯ ಸಹಾಯದಿಂದ ನೀರಿನಲ್ಲಿ ಬೆಳಕಿನ ವೇಗ ಕಡಿಮೆಯೆಂಬುದನ್ನು ತೋರಿಸಿದನು. ಆ ಎಡೆಯಲ್ಲಿ ಯಾವ ಕೊಂಡಿ ಮಾತು ಇರಬೇಕೆಂಬುದನ್ನು ನಿರ್ಣಯಿಸಿದುದು ವ್ಯಾಕರಣವಲ್ಲ, ಪ್ರಯೋಗ.

'ಹೌಎವರ್' ಎಂಬುದರ ಕೆಲಸ ಬೇರೆ. ಮೊದಲ ವಾಕ್ಯವು ಓದುಗನ ಮನಸ್ಸಿನಲ್ಲಿ ಹುಟ್ಟಿಸುವ ನಿರೀಕ್ಷೆಗೆ ಅದು ತಡೆಯೊಡ್ಡುತ್ತದೆ. ದ್ರವಗಳು ತಣಿದಂತೆ ಸಾಮಾನ್ಯವಾಗಿ ಕುಗ್ಗುತ್ತವೆ. ನೀರು, ಹೌಎವರ್, ಸುಮಾರು 4 ಡಿಗ್ರಿಯಿಂದ ಕೆಳಗೆ ತಣಿದಂತೆ ಹಿಗ್ಗುತ್ತದೆ. ನೀರೂ ಒಂದು ದ್ರವವಾದುದರಿಂದ ಅದೂ ಕುಗ್ಗೀತೆಂದು ನಾವು ಎಣಿಸಿದ್ದೆವು. ಆ ಎಣಿಕೆ ಮುರಿಯಿತು. ನಿರೀಕ್ಷೆಯೇ ಇಲ್ಲದೆಡೆಯಲ್ಲಿ 'ಹೌಎವರ್' ಬಂದರೆ ಓದುಗನು ಇಲ್ಲದ ವಿರೋಧವನ್ನು ಹುಡುಕುತ್ತ ದಾರಿ ತಪ್ಪುತ್ತಾನೆ.

ಉಳಿದ ಎರಡು 'ಆನ್ ದಿ ಅದರ್ ಹ್ಯಾಂಡ್' ಮತ್ತು 'ಆನ್ ದಿ ಕಾಂಟ್ರರಿ' ಎಂಬುವು. ಇವು ಕೇಳುವುದಕ್ಕೆ ಅಣ್ಣತಮ್ಮಂದಿರಂತಿದ್ದರೂ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಹೆಚ್ಚು ಅನರ್ಥಕ್ಕೆ ಕಾರಣವಾಗುವುದು ಈ ಜೋಡಿಯೇ. ಮೊದಲನೆಯದು ತಕ್ಕಡಿಯ ಇನ್ನೊಂದು ತಟ್ಟೆ. ಕಬ್ಬಿಣವು ಅಗ್ಗ, ಬಲವೂ ಉಂಟು. ಆನ್ ದಿ ಅದರ್ ಹ್ಯಾಂಡ್, ಅದು ತುಕ್ಕು ಹಿಡಿಯುತ್ತದೆ. ಇಲ್ಲಿ ಎರಡು ಮಾತುಗಳೂ ನಿಜ. 'ಆನ್ ದಿ ಕಾಂಟ್ರರಿ' ಎಂಬುದಾದರೋ ಹೋಲಿಕೆಯೇ ಅಲ್ಲ, ನಿರಾಕರಣೆ. ತಿಮಿಂಗಿಲವು ಮೀನಲ್ಲ, ಆನ್ ದಿ ಕಾಂಟ್ರರಿ, ಅದು ಮರಿಗೆ ಹಾಲೂಡುವ ಸಸ್ತನಿ. ಒಂದು ಅಭಿಪ್ರಾಯವನ್ನು ತಳ್ಳಿಹಾಕಿ, ನಿಜ ಇದಕ್ಕೆ ವಿರುದ್ಧವಾದುದು ಎಂದು ಅದು ಸಾರುತ್ತದೆ. 'ತಾಮ್ರವು ವಿದ್ಯುದ್ವಾಹಕ, ಆನ್ ದಿ ಕಾಂಟ್ರರಿ, ಗಾಜು ವಾಹಕವಲ್ಲ' ಎಂದು ಬರೆದವನು, ತಾಮ್ರದ ವಿಷಯದಲ್ಲಿ ಆಗತಾನೆ ಹೇಳಿದ ನಿಜವನ್ನೇ ಅಲ್ಲಗಳೆಯಹೊರಟವನಂತೆ ಕಾಣುತ್ತಾನೆ.

ತಿರುಗಿಸಿ ಹೇಳುವ ಮಾತು

'ಕಾನ್ವರ್ಸ್‌ಲಿ' ಎಂಬ ಮಾತಿನ ಪರಿಚಯ ರೇಖಾಗಣಿತವನ್ನು ಓದಿದವರಿಗೆ ಇದ್ದೇ ಇದೆ. ಅದು ವಿಲೋಮವನ್ನು ಹೇಳುವ ಮಾತು. ತ್ರಿಭುಜದ ಎರಡು ಭುಜಗಳು ಸಮವಾಗಿದ್ದರೆ ಅವುಗಳಿಗೆ ಎದುರಾದ ಕೋನಗಳೂ ಸಮ. ಕಾನ್ವರ್ಸ್‌ಲಿ, ಎರಡು ಕೋನಗಳು ಸಮವಾಗಿದ್ದರೆ ಎದುರು ಭುಜಗಳೂ ಸಮ. ಆದರೆ ಎಲ್ಲ ಮಾತುಗಳನ್ನೂ ಹೀಗೆ ತಿರುಗಿಸಲಾಗದು. ಚೌಕದ ಕರ್ಣಗಳು ಸಮವೆಂಬುದು ನಿಜ. ಕರ್ಣಗಳು ಸಮವಾಗಿರುವ ಚತುರ್ಭುಜವೆಲ್ಲ ಚೌಕವಲ್ಲ, ಅದು ಆಯತವೂ ಆಗಿರಬಹುದು. ಆದ್ದರಿಂದ ವಿಲೋಮಕ್ಕೆ ಪ್ರತ್ಯೇಕವಾದ ಸಾಧನೆ ಬೇಕು.

ಪ್ರಕೃತಿವಿಜ್ಞಾನದಲ್ಲಿ ಆ ಸಾಧನೆಯು ಎಷ್ಟು ಕಠಿನವೆಂಬುದಕ್ಕೆ ಒಂದು ನಿದರ್ಶನ. ವಿದ್ಯುತ್ತು ಹರಿಯುತ್ತಿರುವ ತಂತಿಯು ಹತ್ತಿರದ ದಿಕ್ಸೂಚಿಯನ್ನು ತಿರುಗಿಸುವುದನ್ನು ಡೆನ್ಮಾರ್ಕಿನ ಅರ್‌ಸ್ಟೆಡ್ 1820ರಲ್ಲಿ ಪ್ರಕಟಿಸಿದನು. ವಿದ್ಯುತ್ತಿನಿಂದ ಕಾಂತತ್ವವು ಹುಟ್ಟುವುದಾದರೆ, ಕಾನ್ವರ್ಸ್‌ಲಿ, ಕಾಂತತ್ವದಿಂದ ವಿದ್ಯುತ್ತು ಹುಟ್ಟಬೇಡವೆ? ಈ ಪ್ರಶ್ನೆಗೆ ಫ್ಯಾರಡೆಯು ಉತ್ತರವನ್ನು ಪಡೆದುದು 1831ರಲ್ಲಿ. ಆ ಉತ್ತರವೂ ನೇರವಾದ ವಿಲೋಮವಾಗಿರಲಿಲ್ಲ. ತಂತಿಯ ಸುರುಳಿಯ ಬಳಿ ಅಲುಗದೆ ಬಿದ್ದಿರುವ ಅಯಸ್ಕಾಂತವು ಏನನ್ನೂ ಮಾಡದು. ಅದನ್ನು ಸುರುಳಿಯೊಳಕ್ಕೆ ನೂಕುವಾಗ ಅಥವಾ ಹೊರಕ್ಕೆ ಎಳೆಯುವಾಗ ಮಾತ್ರ ವಿದ್ಯುತ್ತು ಹುಟ್ಟುತ್ತದೆ. 'ಬದಲಾಗುತ್ತಿರುವ' ಎಂಬ ಒಂದು ವಿಶೇಷಣವನ್ನು ಸೇರಿಸಿದ ಮೇಲೆಯೇ ಆ ವಿಲೋಮವು ನಿಜವಾಯಿತು. ಜೋಗದಲ್ಲಿ ನೀರಿನ ಬಲದಿಂದ ತಿರುಗುವ ವಿದ್ಯುದ್ಯಂತ್ರಗಳು ನಡೆಯುವುದು ಈ ತಿದ್ದಿದ ವಿಲೋಮದ ಆಧಾರದ ಮೇಲೆಯೇ.

ಒಂದು ಹೋಲಿಕೆಯ ಫಲ

ಇಷ್ಟನ್ನು ಓದಿದವರು ಹೋಲಿಕೆಯೆಂದರೆ ಅಪಾಯವೆಂದೇ ತಿಳಿಯಬಾರದು. ಅದು ಹೊಸ ಶೋಧಕ್ಕೆ ದಾರಿದೀಪವೂ ಆಗಬಲ್ಲದು. 1923ರಲ್ಲಿ ಕಾಂಪ್ಟನ್ ಎಂಬ ಅಮೆರಿಕದ ವಿಜ್ಞಾನಿಯು, ಎಕ್ಸ್-ಕಿರಣಗಳು ಎಲೆಕ್ಟ್ರಾನುಗಳಿಗೆ ತಗುಲಿ ಚದುರಿದಾಗ ಅವುಗಳ ಅಲೆಯುದ್ದ ಹೆಚ್ಚುವುದನ್ನು ತೋರಿಸಿದನು. ಕಲ್ಕತ್ತದಲ್ಲಿ ಬೆಳಕಿನ ಚದುರಿಕೆಯನ್ನು ಅಭ್ಯಸಿಸುತ್ತಿದ್ದ ಸಿ. ವಿ. ರಾಮನ್ನರು ಕಣ್ಣಿಗೆ ಕಾಣುವ ಬೆಳಕಿನಲ್ಲಿಯೂ ಇದಕ್ಕೆ ಸದೃಶವಾದ ಪರಿಣಾಮವಿರಬೇಕೆಂದು ಆಲೋಚಿಸಿದರು. 1928ರಲ್ಲಿ ಕೆ. ಎಸ್. ಕೃಷ್ಣನ್ನರ ಜೊತೆಯಲ್ಲಿ ಅದನ್ನು ಕಂಡೂಬಿಟ್ಟರು. ಶೋಧದ ಬಾಗಿಲನ್ನು ತೆರೆದುದು 'ಸಿಮಿಲರ್ಲಿ' ಎಂಬ ಕೊಂಡಿ.

ಆದರೆ ಆ ಶೋಧದ ಬೆಲೆಯಿರುವುದು 'ಬೈ ಕಾಂಟ್ರಾಸ್ಟ್' ಎಂಬುದರಲ್ಲಿ. ಕಾಂಪ್ಟನ್ ಪರಿಣಾಮದಲ್ಲಿ ಅಲೆಯುದ್ದವು ಎಷ್ಟು ಬದಲಾಗುವುದೆಂಬುದು ಕಿರಣವು ಎಷ್ಟು ಕೋನಕ್ಕೆ ತಿರುಗಿತೆಂಬುದನ್ನು ಅವಲಂಬಿಸಿದೆಯೇ ಹೊರತು ಚದುರಿಸಿದ ಪದಾರ್ಥವನ್ನಲ್ಲ. ರಾಮನ್ ಪರಿಣಾಮದಲ್ಲಿ, ಬೈ ಕಾಂಟ್ರಾಸ್ಟ್, ಬೆಳಕು ಅಣುವಿನ ಕಂಪನ ಮತ್ತು ಭ್ರಮಣಗಳೊಡನೆ ಶಕ್ತಿಯನ್ನು ವಿನಿಮಯ ಮಾಡಿಕೊಳ್ಳುತ್ತದೆ. ಆದ್ದರಿಂದ ಪ್ರತಿಯೊಂದು ಪದಾರ್ಥಕ್ಕೂ ಅದರದೇ ಆದ ರೇಖೆಗಳು ಮೂಡುತ್ತವೆ. ಬೆರಳಚ್ಚಿನಿಂದ ಮನುಷ್ಯನನ್ನು ಗುರುತಿಸುವಂತೆ ಈ ರೇಖೆಗಳಿಂದ ಪದಾರ್ಥವನ್ನು ಗುರುತಿಸಬಹುದು. 1930ರಲ್ಲಿ ನೊಬೆಲ್ ಬಹುಮಾನವನ್ನು ಪಡೆದು, 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಈ ಮಹನೀಯರ ಕಾರ್ಯವು ಸಾಮ್ಯ ಮತ್ತು ಭೇದಗಳೆರಡಕ್ಕೂ ಒಪ್ಪುವ ಉದಾಹರಣೆ.

ಇಂಗ್ಲಿಷಿನ ವಿಜ್ಞಾನಗ್ರಂಥಗಳನ್ನು ಓದುವ ವಿದ್ಯಾರ್ಥಿಗಳು ಇನ್ನು ಮುಂದೆ ಇಂಥ ಕೊಂಡಿ ಮಾತು ಕಂಡಾಗಲೆಲ್ಲ ಕ್ಷಣಕಾಲ ನಿಂತು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಲಿ. ಯಾವ ಎರಡನ್ನು ಹೋಲಿಸಿದೆ? ಯಾವ ಗುಣದಲ್ಲಿ? ಆ ಸಂಬಂಧಕ್ಕೆ ಆಧಾರವೇನು? ತಾವೇ ಬರೆಯುವಾಗಲೂ ಈ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಆ ಮಾತನ್ನು ಇಡಲಿ. ಕನ್ನಡದಲ್ಲಿ 'ಹಾಗೆಯೇ' ಎಂದು ಬರೆಯುವವರಿಗೂ ಈ ನಿಯಮವು ಬೇರೆಯಲ್ಲ.