ತೂಕಕ್ಕೆ ಸಿಗದ ಮಸಿ

ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರ್ಖಾನೆಗಳ ಮಗ್ಗುಲಲ್ಲೇ ವಿವಾಂಡಾನಿಯ ತಗಡಿನ ಮನೆಗಳಿವೆ. ಅಲ್ಲಿನ ಗಾಳಿ ಅಳೆದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಸರಾಸರಿ: ಪಿಎಂ 2.5, ಅಂದರೆ 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ದೂಳು, ಘನ ಮೀಟರಿಗೆ 67 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ವಾರ್ಷಿಕ ಸರಾಸರಿಗೆ ಹಾಕಿರುವ ಮಿತಿ ಬರೀ 5.

ಇದು ತೂಕದ ಲೆಕ್ಕ. ಲಾರಿಗಳ, ಮಟಾಟು ಎಂಬ ಬಾಡಿಗೆ ಮಿನಿಬಸ್ಸುಗಳ ಡೀಸೆಲ್ ಹೊಗೆಯಲ್ಲಿ 100 ನ್ಯಾನೊಮೀಟರಿಗಿಂತ ಸಣ್ಣ ಕಣಗಳು ಎಣಿಕೆಯಲ್ಲಿ ಬಹಳ, ತೂಕದಲ್ಲಿ ಏನೇನೂ ಅಲ್ಲ. 2.5 ಮೈಕ್ರಾನಿನ ಒಂದು ಉಂಡೆಗೆ ಸರಿತೂಗಲು ಅದೇ ವಸ್ತುವಿನ 50 ನ್ಯಾನೊಮೀಟರಿನ 1.25 ಲಕ್ಷ ಉಂಡೆಗಳು ಬೇಕು!

ಶ್ವಾಸಕೋಶದ ಕಾವಲು ಕೋಶಗಳು ಒಂದೆರಡು ಮೈಕ್ರಾನಿನ ಕಣಗಳನ್ನು ಚೆನ್ನಾಗಿಯೇ ನುಂಗುತ್ತವೆ. ನ್ಯಾನೊ ಕಣಗಳು ಎಷ್ಟೋ ಸಲ ಅವುಗಳ ಕೈಗೆ ಸಿಗದೆ ಬೇರೆ ಕೋಶಗಳನ್ನು ಹೊಗುತ್ತವೆ. ಹಾಗೆಂದು ಸಣ್ಣದಾದಷ್ಟೂ ಹೊಗುವುದು ಸಲೀಸು ಎಂದುಕೊಳ್ಳುವಂತಿಲ್ಲ. 2006ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ತಂಡ ಬೇರೆ ಬೇರೆ ಗಾತ್ರದ ಚಿನ್ನದ ಕಣಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಹೀಲಾ ಎಂಬ ಮಾನವ ಕೋಶಗಳಿಗೆ ಕೊಟ್ಟು ನೋಡಿತು. ಅತಿ ಹೆಚ್ಚು ಒಳಹೋದದ್ದು ಸುಮಾರು 50 ನ್ಯಾನೊಮೀಟರಿನವು. 14ರವೂ ಹಿಂದೆ ಬಿದ್ದವು, 100ರವೂ.

ಹೂರಣವನ್ನು ಕಣಕ ಸುತ್ತಿಕೊಳ್ಳುವಂತೆ ಕೋಶದ ಪೊರೆ ಕಣವನ್ನು ಸುತ್ತಿ ಒಳಗೆಳೆಯಬೇಕು. ಪೊರೆಯನ್ನು ಬಗ್ಗಿಸುವ ಬಲ ಬರುವುದು ಅದರ ಮೇಲಿನ ಗ್ರಾಹಕ ಪ್ರೋಟೀನುಗಳು ಕಣಕ್ಕೆ ಕಚ್ಚಿಕೊಂಡಾಗ. ತೀರಾ ಸಣ್ಣ ಕಣಕ್ಕೆ ಸಾಕಷ್ಟು ಗ್ರಾಹಕಗಳು ಅಂಟಲು ಜಾಗವಿಲ್ಲ. ದೊಡ್ಡದನ್ನು ಸುತ್ತುವಷ್ಟರಲ್ಲಿ ಹತ್ತಿರದ ಗ್ರಾಹಕಗಳೇ ಮುಗಿದಿರುತ್ತವೆ. ಆಕಾರದ ಮಾತೂ ಇದೆ: ಅದೇ ಪ್ರಯೋಗದಲ್ಲಿ ಗುಂಡು ಕಣಗಳಿಗಿಂತ ಕಡ್ಡಿಯಾಕಾರದವು ಕಡಿಮೆ ಒಳಹೋದವು.

ಡೀಸೆಲ್ ಮಸಿ ಇಷ್ಟು ಅಚ್ಚುಕಟ್ಟಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದು 20–30 ನ್ಯಾನೊಮೀಟರಿನ ಗುಂಡುಗಳು ಒಂದಕ್ಕೊಂದು ಅಂಟಿಕೊಂಡ ಅಡ್ಡಾದಿಡ್ಡಿ ಸರಪಳಿ. ಹಾಗಾಗಿ ಚಿನ್ನದ ಲೆಕ್ಕವನ್ನು ಮಸಿಗೆ ನೇರವಾಗಿ ಹಚ್ಚುವುದು ಅವಸರವಾದೀತು.

ಅದಕ್ಕಿಂತ ಮುಖ್ಯವಾದದ್ದು ಹೊದಿಕೆ. ಕೋಶದ ಪೊರೆಯ ಹೊರಮೈ ಋಣ ವಿದ್ಯುದಂಶದ್ದು. ಧನ ವಿದ್ಯುದಂಶದ ಕಣ ಅದಕ್ಕೆ ಬೇಗ ಅಂಟುತ್ತದೆ. ಆದರೆ ಮೈಯೊಳಗೆ ಯಾವ ಕಣವೂ ಬರಿಮೈಯಲ್ಲಿ ಉಳಿಯುವುದಿಲ್ಲ. ಶ್ವಾಸಕೋಶದ ಲೋಳೆಯ, ರಕ್ತದ ಪ್ರೋಟೀನುಗಳು ತಕ್ಷಣ ಮುತ್ತುತ್ತವೆ, ಕೋಶ ಗುರುತಿಸುವುದು ಅವನ್ನೇ. ಔಷಧ ತಯಾರಕರಿಗೆ ಇದು ವರ. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಆನ್‌ಪ್ಯಾಟ್ರೊ ಔಷಧದ ಕೊಬ್ಬಿನ ಕಣಗಳು ರಕ್ತದಲ್ಲಿ ಅಪೊಲಿಪೊಪ್ರೋಟೀನ್ ಇ ಎಂಬ ಪ್ರೋಟೀನನ್ನು ಹೊದ್ದುಕೊಂಡೇ ಯಕೃತ್ತಿನ ಕೋಶಗಳನ್ನು ಹೊಗುತ್ತವೆ. ಮಸಿ ಏನನ್ನು ಹೊದೆಯಬೇಕೆಂದು ತೀರ್ಮಾನಿಸುವವರು ಯಾರೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಅತಿಸೂಕ್ಷ್ಮ ಕಣಗಳಿಗೆ ಮಿತಿ ಹಾಕಲಿಲ್ಲ. ತೂಗುವ ಬದಲು ಎಣಿಸಿ ಎಂದಿತು: ದಿನದ ಸರಾಸರಿ ಘನ ಸೆಂಟಿಮೀಟರಿಗೆ 1,000ಕ್ಕಿಂತ ಕಡಿಮೆಯಿದ್ದರೆ ಕಡಿಮೆ, 10,000 ದಾಟಿದರೆ ಹೆಚ್ಚು.