ಅಲಾಯ್ ವೀಲ್ ಮಂಕಾಗಿದ್ಯಾ? ಉಜ್ಜೋಕೆ ಮುಂಚೆ ಇದನ್ನ ಓದಿ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರಹದಲ್ಲಿ ಕೊಡ್ತಾ ಇದ್ದೀನಿ. ಒದ್ದೆ ಕೈಯಲ್ಲಿ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡೋದು ಕಷ್ಟ ಅಲ್ವಾ?

ಕಾರಿಗೆ ನಾಲ್ಕೈದು ವರ್ಷ ಆಗಿರುತ್ತೆ. ಬಾಡಿ ಚೆನ್ನಾಗೇ ಇರುತ್ತೆ, ಅಲಾಯ್ ವೀಲ್ ಮಾತ್ರ ಮಂಕು. ತಕ್ಷಣ ಮೆಟಲ್ ಪಾಲಿಶ್ ತರಿಸಿ ಉಜ್ಜೋಕೆ ಶುರು ಮಾಡ್ತೀವಿ. ಆದರೆ ನೀವು ಉಜ್ಜೋದು ಲೋಹವನ್ನಲ್ಲ. ಲೋಹದ ಮೇಲೆ ಬಣ್ಣ, ಅದರ ಮೇಲೆ ಕ್ಲಿಯರ್ ಕೋಟ್ ಅನ್ನೋ ಪಾರದರ್ಶಕ ಪದರ ಇರುತ್ತೆ. ಅದರ ದಪ್ಪ ಹೆಚ್ಚುಕಮ್ಮಿ ಒಂದು ತಲೆಗೂದಲಿನಷ್ಟು. ಅದು ಒಮ್ಮೆ ಸವೆದರೆ ಪಾಲಿಶ್‌ನಿಂದ ವಾಪಸ್ ಬರೋಲ್ಲ.

ತೊಂದರೆ ಯಾವ ಪದರದಲ್ಲಿದೆ?

ವೀಲ್ ತೊಳೆದು ಒಣಗಿಸಿ. ಕಣ್ಣಿಗೆ ಬೀಳದ ಕಡೆ ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿ ಮೆಲ್ಲಗೆ ಉಜ್ಜಿ. ಬಟ್ಟೆ ಕಪ್ಪಾದರೆ ಅಲ್ಲಿ ಬರಿ ಅಲ್ಯೂಮಿನಿಯಂ ಇದೆ. ಕಪ್ಪಾಗದಿದ್ದರೆ ಕ್ಲಿಯರ್ ಕೋಟ್ ಇನ್ನೂ ಉಳಿದಿದೆ. ಆಮೇಲೆ ಗೀರಿನ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ ಗೀರು ಆಳವಾಗಿದೆ, ಪಾಲಿಶ್‌ಗೆ ಬಗ್ಗೋಲ್ಲ.

ಪದರದ ಅಡಿಯಲ್ಲಿ ಬಿಳಿ ಹುಳ ಹರಿದ ಹಾಗೆ ಗೆರೆಗಳು ಕಾಣ್ತಿವೆಯಾ? ಕಲ್ಲು ಬಡಿದೋ, ಫುಟ್‌ಪಾತ್ ಅಂಚಿಗೆ ತಾಗಿಯೋ ಪದರ ಬಿಟ್ಟ ಕಡೆ ನೀರು, ಉಪ್ಪು ಒಳಗೆ ಹೋಗಿ ಅಲ್ಯೂಮಿನಿಯಂ ತಿನ್ನುತ್ತಾ ಸಾಗಿದೆ ಅಂತ ಅರ್ಥ. ಮುಂಬೈ, ಚೆನ್ನೈನ ಸಮುದ್ರದ ಗಾಳಿಯಲ್ಲಿ ಇದು ಬೇಗ ಹರಡುತ್ತೆ. ಮೇಲಿಂದ ವ್ಯಾಕ್ಸ್ ಹಚ್ಚಿದರೆ ನಿಲ್ಲೋಲ್ಲ.

ಬರಿ ಕೊಳೆ ಆದರೆ

ಅರ್ಧ ಮಂಕು ಬ್ರೇಕ್ ಪುಡಿಯದ್ದೇ. ಬ್ರೇಕ್ ಡಿಸ್ಕ್‌ನಿಂದ ಬರೋ ಬಿಸಿ ಕಬ್ಬಿಣದ ಕಣಗಳು ಪದರಕ್ಕೆ ಅಂಟಿಕೊಳ್ತವೆ. ನಾನು ಮಾಡೋದು ಹೀಗೆ: ವೀಲ್ ಪೂರ್ತಿ ತಣ್ಣಗಾದ ಮೇಲೆ, ನೆರಳಲ್ಲಿ, ಶಾಂಪೂ ಹಾಕಿ ತೊಳೀತೀನಿ. ಆಮೇಲೆ ಐರನ್ ರಿಮೂವರ್ ಸ್ಪ್ರೇ. ಕಬ್ಬಿಣ ಇದ್ದ ಕಡೆ ಅದು ನೇರಳೆ ಬಣ್ಣಕ್ಕೆ ತಿರುಗುತ್ತೆ. ಬಾಟಲಿ ಮೇಲೆ ಹೇಳಿದಷ್ಟು ನಿಮಿಷ ಬಿಟ್ಟು, ಒಣಗೋಕೆ ಮುಂಚೆ ತೊಳೆದುಬಿಡಿ. ಉಳಿದ ಒರಟಿಗೆ ಕ್ಲೇ ಬಾರ್.

ಬೋರ್‌ವೆಲ್ ನೀರಿನ ಬಿಳಿ ಕಲೆಗೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒಂದು ನಿಮಿಷ ಒತ್ತಿ, ತೊಳೀರಿ. ಲೋಹ ತೆರೆದುಕೊಂಡ ಕಡೆ ಇದು ಬೇಡ. ವಾಶಿಂಗ್ ಸೆಂಟರ್‌ನವರು ಆಸಿಡ್ ಹಾಕ್ತೀವಿ ಅಂದರೆ ಬೇಡ ಅನ್ನಿ. ಅಂಥ ಕೆಲವು ಕ್ಲೀನರ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತೆ, ಅದು ವೀಲ್‌ಗಿಂತ ಮನುಷ್ಯರಿಗೇ ಅಪಾಯ.

ಸಣ್ಣ ಗೀರು, ಮಬ್ಬು ಆದರೆ

ಕಾರಿನ ಪೇಂಟ್‌ಗೆ ಬಳಸೋ ಫೈನ್ ಪಾಲಿಶ್ ಸಾಕು. ಫೋಮ್ ಪ್ಯಾಡ್‌ನಲ್ಲಿ ಕೈಯಿಂದಲೇ ಉಜ್ಜಿ, ಅಂಚುಗಳ ಹತ್ತಿರ ಒತ್ತಬೇಡಿ, ಅಲ್ಲಿ ಪದರ ಇನ್ನೂ ತೆಳು. ಹೋಗದಿದ್ದರೆ 2000, ಆಮೇಲೆ 3000 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ ನಾಲ್ಕು ಸಲ ಆಡಿಸಿ, ಮತ್ತೆ ಪಾಲಿಶ್. ಕೊನೆಗೆ ಸೀಲಂಟ್.

ಪದರವೇ ಎದ್ದಿದ್ದರೆ

ವೀಲ್ ಮುಖದಲ್ಲಿ ಗ್ರಾಮಫೋನ್ ರೆಕಾರ್ಡ್ ಥರ ಸಣ್ಣ ಗೆರೆಗಳಿದ್ದರೆ ಅದು ಡೈಮಂಡ್ ಕಟ್. ಉಪ್ಪುಕಾಗದ ತಾಗಿದರೆ ಆ ಗೆರೆ ಅಳಿಸಿಹೋಗುತ್ತೆ, ಲೇತ್‌ನಲ್ಲೇ ಮತ್ತೆ ಕತ್ತರಿಸಬೇಕು. ಅದನ್ನ ಅಂಗಡಿಗೇ ಕೊಡಿ.

ಪೇಂಟ್ ಮಾಡಿದ ವೀಲ್ ಆದರೆ ಎದ್ದ ಭಾಗವನ್ನ 400ರಲ್ಲಿ ಉಜ್ಜಿ, 800ರಲ್ಲಿ ಇಡೀ ಮುಖ ನಯ ಮಾಡಿ. ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಲೋಹ ಕಂಡ ಕಡೆ ಪ್ರೈಮರ್, ಬಣ್ಣ, ಆಮೇಲೆ ಇಡೀ ಮುಖಕ್ಕೆ ಕ್ಲಿಯರ್. ಒಂದೇ ದಪ್ಪ ಕೋಟ್ ಬೇಡ, ಇಳಿಯುತ್ತೆ. ಸುಮಾರು 20 ಸೆಂಟಿಮೀಟರ್ ದೂರದಿಂದ ಮೂರು ತೆಳು ಕೋಟ್. ಮಳೆಗಾಲದ ತೇವದಲ್ಲಿ ಮಾಡಿದರೆ ಕ್ಲಿಯರ್ ಹಾಲಿನ ಥರ ಬಿಳಿಚಿಕೊಳ್ಳುತ್ತೆ. ಹಾರ್ಡ್ನರ್ ಬೆರೆಯೋ 2ಕೆ ಕ್ಲಿಯರ್ ಗಟ್ಟಿ ನಿಜ, ಆದರೆ ಅದರಲ್ಲಿರೋ ಐಸೋಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು. ಬೇಸ್‌ಮೆಂಟ್‌ನಲ್ಲೋ ಬಾಲ್ಕನಿಯಲ್ಲೋ ಬಟ್ಟೆ ಮಾಸ್ಕ್ ಕಟ್ಟಿಕೊಂಡು ಹೊಡೆಯೋ ವಸ್ತು ಅಲ್ಲ. ಮನೆಯಲ್ಲಿ 1ಕೆ ಸಾಕು, ಅದೂ ಬಯಲಲ್ಲೇ.

ಇಷ್ಟು ಮಾತ್ರ ಮರೀಬೇಡಿ

ನಟ್ ಕೂರೋ ಜಾಗ, ವೀಲ್‌ನ ಹಿಂಬದಿ ಹಬ್‌ಗೆ ತಾಗೋ ಜಾಗ, ಎರಡನ್ನೂ ಟೇಪ್ ಹಾಕಿ ಮುಚ್ಚಿ. ಅಲ್ಲಿ ಪೇಂಟ್ ಕೂತರೆ ಓಡಿಸ್ತಾ ಓಡಿಸ್ತಾ ಅದು ಸವೆದು ನಟ್ ಸಡಿಲ ಆಗಬಹುದು. ವೀಲ್ ಬಿಚ್ಚಿ ಹಾಕಿದ ಮೇಲೆ ಮ್ಯಾನುಯಲ್‌ನಲ್ಲಿ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ, 50–100 ಕಿಲೋಮೀಟರ್ ಓಡಿಸಿ ಮತ್ತೆ ನೋಡಿ. ಊರಿಗೆ ಹೊರಡೋ ಹಿಂದಿನ ರಾತ್ರಿ ಈ ಕೆಲಸ ಇಟ್ಟುಕೊಳ್ಳಬೇಡಿ.

ಕೊಳೆ ತೆಗೆದಾಗ ಬಿರುಕೋ ಬೆಂಡೋ ಕಂಡರೆ ಹೊಳಪಿನ ಮಾತು ಅಲ್ಲಿಗೇ ಬಿಡಿ. ಬಿರುಕಿನ ಮೇಲೆ ಕ್ಲಿಯರ್ ಹೊಡೆದರೆ ಬಿರುಕು ಮುಚ್ಚುತ್ತೆ ಅಷ್ಟೆ, ವಾಸಿ ಆಗೋಲ್ಲ. ಆ ವೀಲ್ ಮೇಲೆ ಕೂತು ಹೋಗೋದು ನಮ್ಮ ಮನೆಯವರೇ.