ಅರಿಶಿನ ಕಲಿಸುವ ರಸಾಯನ ಪಾಠ

ಮದುಮಕ್ಕಳಿಗೆ ಆರತಿ ಎತ್ತುವ ತಟ್ಟೆಯ ನೀರು ಕೆಂಪಗಿರುವುದೇಕೆ? ನೀರಿನಲ್ಲಿ ಅರಿಶಿನ ಕದಡಿ ಚಿಟಿಕೆ ಸುಣ್ಣ ಬೆರೆಸಿದೊಡನೆ ಹಳದಿ ಹೋಗಿ ಕೆಂಪು ಮೂಡುತ್ತದೆ. ಸುಣ್ಣ ಒಂದು ಪ್ರತ್ಯಾಮ್ಲ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಪ್ರತ್ಯಾಮ್ಲ ಸೋಕಿದರೆ ಕೆಂಪಾಗುತ್ತದೆ. ಅದೇ ನೀರಿಗೆ ಸಾಕಷ್ಟು ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಲಿಟ್ಮಸ್ ಕಾಗದ ಮಾಡುವ ಕೆಲಸವೂ ಇದೇ ಬಗೆಯದು.

ಎಷ್ಟು ಹುಳಿ, ಎಷ್ಟು ಕ್ಷಾರ?

ಬಣ್ಣ ಬದಲಾದರೆ ಜಾತಿ ತಿಳಿಯಿತು, ಪ್ರಮಾಣ ತಿಳಿಯಲಿಲ್ಲ. ಅದಕ್ಕೆ ಅಳತೆಗೋಲು ಕೊಟ್ಟವರು ಡೆನ್ಮಾರ್ಕಿನ ಸೋರೆನ್‌ಸೆನ್. 1909ರಲ್ಲಿ ಅವರು ಸೂಚಿಸಿದ ಪಿ.ಎಚ್. ಮಾನವನ್ನು ನಮ್ಮ ಕೃಷಿ ಪುಸ್ತಕಗಳು 'ರಸಸಾರ' ಎನ್ನುತ್ತವೆ. ಶುದ್ಧ ನೀರು 7. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಪ್ರತ್ಯಾಮ್ಲ. ನಿಂಬೆರಸ ಸುಮಾರು 2ರಿಂದ 2.5, ಅಡಿಗೆ ಸೋಡಾದ ನೀರು 8.3, ವಾಷಿಂಗ್ ಸೋಡಾದ ನೀರು 11, ತಿಳಿ ಸುಣ್ಣದ ನೀರು 12.4. ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಅರಿಶಿನಕ್ಕೊಂದು ಮಿತಿಯಿದೆ. ಆಮ್ಲದಲ್ಲೂ ಶುದ್ಧ ನೀರಿನಲ್ಲೂ ಅದು ಹಳದಿಯೇ. ಆ ಕೊರತೆಯನ್ನು ಕೆಂಪು ದಾಸವಾಳ ತುಂಬುತ್ತದೆ. ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿಕೊಳ್ಳಿ. ಈ ರಸ ಆಮ್ಲದಲ್ಲಿ ಕಡುಗುಲಾಬಿಯಾದರೆ ಪ್ರತ್ಯಾಮ್ಲದಲ್ಲಿ ಹಸಿರಾಗುತ್ತದೆ. ಅಂಕಿಯೇ ಬೇಕಿದ್ದರೆ ಪಿ.ಎಚ್. ಕಾಗದದ ಪಟ್ಟಿಯನ್ನು ಅದ್ದಿ ಬಣ್ಣದ ಪಟ್ಟಿಕೆಯೊಡನೆ ಹೋಲಿಸಬೇಕು. ನಾಲಗೆಯಿಂದ ರುಚಿ ನೋಡಿ ಪರೀಕ್ಷಿಸುವುದು ಮಾತ್ರ ಎಂದಿಗೂ ಕೂಡದು.

ಹೊಲ, ಗಾಣ, ಬಣ್ಣದ ಮನೆ

ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ರೈತರಿಗೆ ಈ ಅಂಕಿ ಪರೀಕ್ಷೆಯ ಅಂಕಕ್ಕಿಂತ ದೊಡ್ಡದು. ಕಪ್ಪು ಮಣ್ಣು ಸಹಜವಾಗಿಯೇ ಕ್ಷಾರದ ಕಡೆಗೆ ವಾಲುತ್ತದೆ. ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿ, ಬಸಿದು ಹೋಗಲು ದಾರಿಯಿಲ್ಲದಿದ್ದರೆ ಹೊಲ ಸವಳಾಗುತ್ತದೆ. ರಸಸಾರ 8.5 ದಾಟಿದರೆ ಮಣ್ಣಿನಲ್ಲಿ ಸೋಡಿಯಂ ಸೇರಿರುವ ಶಂಕೆ ಬರುತ್ತದೆ. ಪರೀಕ್ಷೆಯಿಂದ ಅದು ಖಚಿತವಾದರೆ ಜಿಪ್ಸಂ ಮದ್ದು. ಒಂದು ಭಾಗ ಮಣ್ಣಿಗೆ ಎರಡೂವರೆ ಭಾಗ ಶುದ್ಧ ನೀರು ಬೆರೆಸಿ ಕಲಕಿ ಅಳೆಯುವುದು ಪ್ರಯೋಗಾಲಯಗಳ ರೂಢಿ.

ಗಾಣದ ಮನೆಯಲ್ಲೂ ಇದೇ ಲೆಕ್ಕ. ತಾಜಾ ಕಬ್ಬಿನ ಹಾಲಿನ ರಸಸಾರ 5ರಿಂದ 5.5. ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕುವುದು ಆ ಹುಳಿಯನ್ನು ತಗ್ಗಿಸಲೆಂದೇ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗಿ ಪೇಟೆಯಲ್ಲಿ ಬೆಲೆ ಬೀಳುತ್ತದೆ.

ರಬಕವಿ-ಬನಹಟ್ಟಿ ನೇಕಾರರ ಊರು. ಹತ್ತಿಯ ನೂಲಿಗೆ ವ್ಯಾಟ್ ಬಣ್ಣ ಹಿಡಿಸಲು ಕಾಸ್ಟಿಕ್ ಸೋಡಾ ಬೇಕೇ ಬೇಕು. ಅದನ್ನು ತಣ್ಣೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಅದರ ಮೇಲೆ ನೀರು ಸುರಿಯಬಾರದು. ಸುರಿದರೆ ಕುದಿದು ಸಿಡಿಯುತ್ತದೆ.

ಯಾವುದಕ್ಕೆ ಯಾವ ಪಾತ್ರೆ?

ಅಲ್ಯೂಮಿನಿಯಂ ಆಮ್ಲಕ್ಕೂ ಸಲ್ಲದು, ಕಾಸ್ಟಿಕ್‌ಗೂ ಸಲ್ಲದು. ಕಾಸ್ಟಿಕ್ ಅದನ್ನು ತಿಂದುಹಾಕಿ, ಬೇಗನೆ ಉರಿಯುವ ಜಲಜನಕವನ್ನು ಹೊರಬಿಡುತ್ತದೆ. ಕಾಸ್ಟಿಕ್ ದ್ರಾವಣಕ್ಕೆ ತಳದಲ್ಲಿ ತ್ರಿಕೋನದೊಳಗೆ 2 ಎಂದಿರುವ ಗಟ್ಟಿ ಪ್ಲಾಸ್ಟಿಕ್ ಒಳ್ಳೆಯದು. ಗಾಜನ್ನು ಅದು ನಿಧಾನವಾಗಿ ಕೊರೆಯುತ್ತದೆ. ಗಾಜಿನ ಬಿರಡೆ ಹಿಡಿದುಕೊಳ್ಳುತ್ತದೆ. ಶೌಚಾಲಯ ತೊಳೆಯುವ ಆಮ್ಲಕ್ಕೆ ಸ್ಟೀಲ್ ಪಾತ್ರೆ ಬೇಡ. ಉಪ್ಪಿನಕಾಯಿಗೆ ಭರಣಿಯೇ ಸರಿ. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ, ಮಜ್ಜಿಗೆ ಇಟ್ಟರೆ ಕಿಲುಬು ವಿಷವಾದೀತು.

ಪೆಟ್ರೋಲ್, ಥಿನ್ನರ್‌ಗಳದು ಬೇರೆಯೇ ಸಂಗತಿ. ಅವು ಆಮ್ಲವೂ ಅಲ್ಲ, ಪ್ರತ್ಯಾಮ್ಲವೂ ಅಲ್ಲ, ಪಿ.ಎಚ್. ಕಾಗದ ಅಲ್ಲಿ ಏನನ್ನೂ ಹೇಳದು. ಆದರೆ ಥರ್ಮೋಕೋಲ್, 6ರ ಗುರುತಿನ ಪ್ಲಾಸ್ಟಿಕ್ ಅವುಗಳಲ್ಲಿ ಕರಗುತ್ತವೆ, ರಬ್ಬರ್ ಉಬ್ಬುತ್ತದೆ. ಥಿನ್ನರ್ ತಂದ ತಗಡಿನ ಡಬ್ಬಿಯಲ್ಲೇ, ಬೆಂಕಿಯಿಂದ ದೂರ ಇರಲಿ.

ಎಲ್ಲಕ್ಕಿಂತ ಮಿಗಿಲಾದ ನಿಯಮವೊಂದಿದೆ: ತಂಪು ಪಾನೀಯದ ಬಾಟಲಿಯಲ್ಲಿ ಇಂಥ ಯಾವ ದ್ರವವನ್ನೂ ತುಂಬಬೇಡಿ. ಮಗು ಬಾಟಲಿಯ ಗುರುತು ಹಿಡಿಯುತ್ತದೆ, ಒಳಗಿರುವುದನ್ನಲ್ಲ. ಬ್ಲೀಚಿಂಗ್ ಪೌಡರ್ ಮತ್ತು ಆಮ್ಲ ಬೆರೆತರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಎರಡನ್ನೂ ಒಟ್ಟಿಗೆ ಇಡಬೇಡಿ.

ಸುಣ್ಣ ಕಣ್ಣಿಗೆ ಬಿದ್ದರೆ

ಆಮ್ಲವೆಂದರೆ ಹೆದರುವ ಜನ ಎಲೆ-ಅಡಿಕೆಯ ಸುಣ್ಣಕ್ಕೆ ಹೆದರುವುದಿಲ್ಲ. ಮಕ್ಕಳು ಸುಣ್ಣದ ಪೊಟ್ಟಣವನ್ನು ಹಿಸುಕುತ್ತಾರೆ. ಅದು ಒಡೆದು ಕಣ್ಣಿಗೆ ಸಿಡಿಯುತ್ತದೆ. ಪ್ರತ್ಯಾಮ್ಲ ಕಣ್ಣಿನ ಪಾಪೆಯ ಕೊಬ್ಬಿನಂಶವನ್ನು ಸಾಬೂನಾಗಿಸುತ್ತ ಆಳಕ್ಕಿಳಿಯುವುದರಿಂದ ಹಲವು ಆಮ್ಲಗಳಿಗಿಂತ ಹೆಚ್ಚು ಅಪಾಯಕಾರಿ, ದೃಷ್ಟಿಯೇ ಹೋಗಬಹುದು. ಹಾಗಾದಾಗ ನಿಂಬೆರಸ, ಹಾಲು, ತುಪ್ಪ ಹಾಕುತ್ತ ಹೊತ್ತು ಕಳೆಯಬಾರದು. ಕೂಡಲೇ ರೆಪ್ಪೆ ಬಿಡಿಸಿ, ಧಾರೆಯಾಗಿ ಶುದ್ಧ ನೀರು ಬಿಡುತ್ತ ಕನಿಷ್ಠ 20 ನಿಮಿಷ ತೊಳೆದು, ಅನಂತರ ಕಣ್ಣಿನ ವೈದ್ಯರ ಬಳಿಗೆ ಒಯ್ಯಬೇಕು. ಆಮ್ಲ ಅಥವಾ ಕಾಸ್ಟಿಕ್ ನುಂಗಿದವರಿಗೆ ವಾಂತಿ ಮಾಡಿಸಬಾರದು. ಬಾಟಲಿಯನ್ನೂ ತೆಗೆದುಕೊಂಡು ನೇರ ಆಸ್ಪತ್ರೆಗೆ ಹೋಗಬೇಕು.

ಈ ಭಾನುವಾರ ತಂದೆ-ತಾಯಿ ಮಕ್ಕಳನ್ನು ಕರೆದುಕೊಂಡು ಬಚ್ಚಲು, ಅಡಿಗೆಮನೆ, ಮಾಡುಗಳನ್ನೊಮ್ಮೆ ನೋಡಲಿ. ಹೆಸರಿಲ್ಲದ ಬಾಟಲಿಗೆ ಚೀಟಿ ಅಂಟಿಸಲಿ, ಸುಣ್ಣದ ಡಬ್ಬಿ ಮೇಲಿನ ಮಾಡಿಗೆ ಏರಲಿ. ಪಠ್ಯಪುಸ್ತಕದ ಒಂದು ಅಧ್ಯಾಯ ಮನೆಗೆ ಉಪಯೋಗಕ್ಕೆ ಬಂದಂತಾಗುತ್ತದೆ.